ಒಂದೇ ಕೋಟೆಗೆ ಎರಡು ಪ್ರವಾಸ: ಚಿತ್ರದುರ್ಗದಲ್ಲಿ ನಮ್ಮ ಶಾಲೆ ಕಲಿತದ್ದು

ಇದು ಒಂದು ಸರ್ಕಾರಿ ಪ್ರೌಢಶಾಲೆಯ ವಿಷಯ. ಎರಡು ವರ್ಷದಲ್ಲಿ ಎರಡು ಸಲ ಮಕ್ಕಳನ್ನು ಒಂದೇ ಕೋಟೆಗೆ ಕರೆದುಕೊಂಡು ಹೋದೆವು. ಮೊದಲ ಸಲ ಕೆಟ್ಟಿತು. ಎರಡನೇ ಸಲ ಪೂರ್ತಿ ಅಲ್ಲದಿದ್ದರೂ ಬಹಳಮಟ್ಟಿಗೆ ಕೈಗೂಡಿತು. ನಡುವೆ ಏನು ಬದಲಾಯಿತು ಎಂದು ಬರೆದಿಟ್ಟರೆ ಬೇರೆ ಶಿಕ್ಷಕರಿಗೆ ಉಪಯೋಗ ಆಗಬಹುದು ಅನಿಸಿತು.

ನಾನು ಆ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವನು. ಎರಡೂ ಸಲ ಪ್ರವಾಸದ ಹೊಣೆ ನನ್ನದೇ ಇತ್ತು. ಊರು, ಶಾಲೆ, ಮಕ್ಕಳ ಹೆಸರು ಇಲ್ಲಿ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಒಬ್ಬ ವಿದ್ಯಾರ್ಥಿನಿಯ ಮಾತು ಮತ್ತೆ ಮತ್ತೆ ಬರುತ್ತದೆ, ಅವಳನ್ನು 'ಶ' ಎಂದು ಕರೆಯುತ್ತೇನೆ. ಕೋಟೆಯ ಹೆಸರನ್ನು ಮಾತ್ರ ಬಚ್ಚಿಟ್ಟು ಪ್ರಯೋಜನವಿಲ್ಲ. ಅದು ಚಿತ್ರದುರ್ಗ.

ಕೋಟೆಯ ಹಿನ್ನೆಲೆ

ಹೆದ್ದಾರಿಯಲ್ಲಿ ಬರುವಾಗ ದುರ್ಗದ ಬೆಟ್ಟ ನೋಡಿದವರಿಗೆ ಗೊತ್ತು. ಬಂಡೆಯ ಮೇಲೆ ಬಂಡೆ, ಸಂದಿನಲ್ಲಿ ಗೋಡೆ. ಬೆಟ್ಟ ಎಲ್ಲಿ ಮುಗಿಯಿತು, ಕೋಟೆ ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ಸಿಗುವುದಿಲ್ಲ. ಕಡಿದಾದ ಬಂಡೆ ಇದ್ದ ಕಡೆ ಗೋಡೆ ಕಟ್ಟುವ ಗೋಜಿಗೇ ಹೋಗಿಲ್ಲ. ಕಾಲಿಡಲು ಜಾಗ ಸಿಗುವ ಕಡೆ ಕಲ್ಲು ಪೇರಿಸಿ ಮುಚ್ಚಿದ್ದಾರೆ. ಬಾಗಿಲುಗಳ ಹತ್ತಿರ ದಾರಿ ನೇರ ಇಲ್ಲ, ಸುತ್ತಿ ಸುತ್ತಿ ಹೋಗುತ್ತದೆ. ಆನೆ ಓಡಿ ಬಂದು ಬಾಗಿಲಿಗೆ ಗುದ್ದಲು ಬೇಕಾದ ಜಾಗವೇ ಸಿಗಬಾರದು ಎಂದು.

ಜನ ಇದನ್ನು ಏಳು ಸುತ್ತಿನ ಕೋಟೆ ಅನ್ನುತ್ತಾರೆ. ದುರ್ಗ ಆಳಿದ ಪಾಳೇಗಾರ ನಾಯಕರಿಗಿಂತ ಹಿಂದೆಯೂ ಇಲ್ಲಿ ಊರಿತ್ತು. ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಎಂಬ ಹೆಸರಿತ್ತು. ವಿಜಯನಗರದ ಕೆಳಗೆ ತಿಮ್ಮಣ್ಣ ನಾಯಕನಿಗೆ ಈ ಸೀಮೆ ಬಂತು. 1565ರ ಯುದ್ಧದಲ್ಲಿ ವಿಜಯನಗರ ಬಿದ್ದ ಮೇಲೆ ದುರ್ಗದ ನಾಯಕರು ನಿಧಾನವಾಗಿ ತಮ್ಮ ಕಾಲ ಮೇಲೆ ತಾವು ನಿಂತರು. ಒಬ್ಬರಾದ ಮೇಲೆ ಒಬ್ಬರು ಗೋಡೆ, ಬತೇರಿ (ಕಾವಲು ಬುರುಜು), ಬಾಗಿಲು ಸೇರಿಸುತ್ತಾ ಹೋದರು. ಕೊನೆಯ ಮದಕರಿ ನಾಯಕ 1754ರಲ್ಲಿ ಪಟ್ಟಕ್ಕೆ ಬಂದ. 1779ರಲ್ಲಿ ಕೋಟೆ ಹೈದರ್ ಅಲಿಯ ಕೈ ಸೇರಿತು. ಮದಕರಿಯನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದರು.

ಈಗ ಕೋಟೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಆದರೆ ಅದನ್ನು ಸುಮ್ನೆ ಪಾಳು ಸ್ಮಾರಕ ಅನ್ನಲಾಗದು. ಬೆಳಿಗ್ಗೆ ಊರಿನವರು ವಾಕಿಂಗಿಗೆ ಹತ್ತುತ್ತಾರೆ. ಏಕನಾಥೇಶ್ವರಿಗೆ, ಹಿಡಿಂಬೇಶ್ವರನಿಗೆ ಹೂವು ಹಣ್ಣು ಹಿಡಿದು ಹೋಗುವವರು ಇದ್ದಾರೆ. ಡಿಸೆಂಬರ್, ಜನವರಿ ಬಂತೆಂದರೆ ಶಾಲಾ ಬಸ್ಸುಗಳ ಸಾಲು. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ ಎನ್ನುವುದು ನಮ್ಮಂಥ ಶಾಲೆಗಳಿಗೆ ದೊಡ್ಡ ಅನುಕೂಲ. ನನ್ನ ಪ್ರಕಾರ ಈಗ ಈ ಕೋಟೆಯನ್ನು ಹೆಚ್ಚು ಬಳಸುತ್ತಿರುವವರು ಶಾಲೆಯ ಮಕ್ಕಳೇ. ಚೆನ್ನಾಗಿ ಬಳಸುತ್ತಿದ್ದೇವಾ ಎನ್ನುವುದು ಬೇರೆ ಮಾತು.

ಮೊದಲ ಸಲ

52 ಮಕ್ಕಳು, ನಾಲ್ಕು ಜನ ಶಿಕ್ಷಕರು, ಒಂದು ಸರ್ಕಾರಿ ಬಸ್ಸು. ಒಂದೇ ದಿನಕ್ಕೆ ವಾಣಿ ವಿಲಾಸ ಸಾಗರ ಅಣೆಕಟ್ಟು, ಕೋಟೆ, ಕೋಟೆಯ ಹತ್ತಿರದ ಚಂದ್ರವಳ್ಳಿ ಮೂರನ್ನೂ ತುರುಕಿದ್ದೆ. ಕೊಟ್ಟ ದುಡ್ಡಿಗೆ ಜಾಸ್ತಿ ಜಾಗ ತೋರಿಸಬೇಕು ಎನ್ನುವ ಹಂಬಲ. ಅಣೆಕಟ್ಟಿನ ಹತ್ತಿರ ಮಕ್ಕಳು ಬಸ್ಸು ಹತ್ತುವುದೇ ತಡವಾಯಿತು. ಕೋಟೆಯ ಬಾಗಿಲಿಗೆ ಬಂದಾಗ ಮಧ್ಯಾಹ್ನ ಹನ್ನೆರಡು ದಾಟಿತ್ತು.

ಆ ಹೊತ್ತಿಗೆ ಬಂಡೆ ಕಾದ ಹೆಂಚು. ಜನವರಿ ಆದರೇನು, ಬಯಲುಸೀಮೆಯ ಬಿಸಿಲು ಬಿಸಿಲೇ. ಮಕ್ಕಳ ಕೈಯಲ್ಲಿ ಒಂದೊಂದು ಸಣ್ಣ ಬಾಟಲಿ, ಅದರಲ್ಲೂ ಅರ್ಧ ಬಸ್ಸಿನಲ್ಲೇ ಖಾಲಿ. ನಾನು ಮುಂದೆ ಕೂಗುತ್ತಾ ಹೋಗುತ್ತಿದ್ದೆ. ಇದು ಎಣ್ಣೆ ಕೊಳ, ಇದು ಮದ್ದು ಬೀಸುವ ಕಲ್ಲು, ಇದು ಉಯ್ಯಾಲೆ ಕಂಬ, ನಡೀರಿ ನಡೀರಿ. ಹಿಂದೆ ಇದ್ದ ಮಕ್ಕಳಿಗೆ ಒಂದು ಮಾತೂ ಕೇಳುತ್ತಿರಲಿಲ್ಲ.

ಓಬವ್ವನ ಕಿಂಡಿಗೆ ಹೋಗುವ ದಾರಿಯಲ್ಲಿ ಶ ತಲೆಸುತ್ತಿ ಕುಸಿದಳು. ನೆರಳಿಗೆ ಎತ್ತಿಕೊಂಡು ಹೋಗಿ ಮುಖಕ್ಕೆ ನೀರು ಚಿಮುಕಿಸೋಣ ಎಂದರೆ ಯಾರ ಹತ್ತಿರವೂ ನೀರಿಲ್ಲ. ಗುರುತು ಪರಿಚಯ ಇಲ್ಲದ ಒಂದು ಕುಟುಂಬ ತಮ್ಮ ಕ್ಯಾನು ಕೊಟ್ಟಿತು. ಹತ್ತು ನಿಮಿಷದಲ್ಲಿ ಹುಡುಗಿ ಚೇತರಿಸಿಕೊಂಡಳು. ಆ ಹತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ನನ್ನದು. ಬಾಟಲಿ ಎಣಿಸಿರಲಿಲ್ಲ, ಹೊತ್ತು ನೋಡಿರಲಿಲ್ಲ.

ಚಂದ್ರವಳ್ಳಿಗೆ ಹೋಗಲೇ ಇಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ನಿದ್ದೆ.

ಪ್ರಶ್ನೆ ಬಂದದ್ದು ಎಲ್ಲಿಂದ

ಮರುವಾರ ಪ್ರಬಂಧ ಬರೆಸಿದೆ. ಹೆಚ್ಚುಕಮ್ಮಿ ಎಲ್ಲವೂ ಒಂದೇ. ಕೋಟೆ ತುಂಬಾ ದೊಡ್ಡದಾಗಿತ್ತು, ಓಬವ್ವ ವೀರ ಮಹಿಳೆ, ಕೋತಿಗಳು ಇದ್ದವು, ಊಟ ಚೆನ್ನಾಗಿತ್ತು. ಕೋಟೆಗೆ ಹೋಗದೆಯೂ ಇಷ್ಟು ಬರೆಯಬಹುದಿತ್ತು.

ಶ ಮಾತ್ರ ನಾಲ್ಕೇ ಸಾಲು ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: "ನಮಗೆ ಮೂರು ಗಂಟೆಗೆ ನೀರು ಸಾಲಲಿಲ್ಲ. ಅಲ್ಲೇ ಮನೆ ಮಾಡಿಕೊಂಡು ಇದ್ದವರು ಏನು ಕುಡಿಯುತ್ತಿದ್ದರು?"

ಆ ಸಾಲಿನ ಕೆಳಗೆ ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ಎಂದು ನಾನೇ ಕೂಗಿ ತೋರಿಸಿದ್ದೆ. ಆದರೆ ನೀರು ಎಲ್ಲಿಂದ ಬರುತ್ತಿತ್ತು, ತುಂಬಿದ ಮೇಲೆ ಎಲ್ಲಿಗೆ ಹೋಗುತ್ತಿತ್ತು ಎಂದು ಯಾರಾದರೂ ಕೇಳಿದ್ದರೆ ಉತ್ತರ ಗೊತ್ತಿರಲಿಲ್ಲ. ಹೊಂಡಗಳು ನನಗೆ ಪಟ್ಟಿಯಲ್ಲಿ ಎರಡು ಹೆಸರು ಅಷ್ಟೆ.

ಮುಂದಿನ ವರ್ಷದ ಪ್ರವಾಸದ ಮಾತು ಬಂದಾಗ ಹೆಡ್ ಮಾಸ್ಟರ್ ಖಡಾಖಂಡಿತವಾಗಿ ಹೇಳಿದರು. "ಕೋಟೆ ಬೇಡ ಮೇಷ್ಟ್ರೇ. ಯಾವುದಾದರೂ ವಾಟರ್ ಪಾರ್ಕಿಗೆ ಹೋಗೋಣ. ಮಕ್ಕಳಿಗೂ ಖುಷಿ, ನಮಗೂ ನೆಮ್ಮದಿ." ಅವರ ಭಯ ನ್ಯಾಯವಾದದ್ದೇ. ನಾನು ಶಳ ಪ್ರಬಂಧ ಅವರ ಮೇಜಿನ ಮೇಲಿಟ್ಟೆ. ಓದಿದರು. "ಉತ್ತರ ಹುಡುಕಿಕೊಂಡು ಬನ್ನಿ, ಆಮೇಲೆ ನೋಡೋಣ" ಎಂದರು. ಮೊದಲ ತಿರುವು ಅದು.

ಒಬ್ಬನೇ ಹೋಗಿ ನೋಡಿದ್ದು

ಮಳೆಗಾಲದ ಕೊನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಒಬ್ಬನೇ ಹತ್ತಿದೆ. ದಿನಾ ವಾಕಿಂಗ್ ಬರುವ ಹಿರಿಯರೊಬ್ಬರು ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂತಿದ್ದರು. ವಯಸ್ಸಿದ್ದಾಗ ಕಲ್ಲಿನ ಕೆಲಸ ಮಾಡಿದವರಂತೆ. ನಾನು ಮೇಷ್ಟ್ರು ಅಂದ ತಕ್ಷಣ ಎದ್ದು ನಿಂತರು.

ಬಂಡೆಯ ಅಂಚಿನಲ್ಲಿ ಸಾಲಾಗಿ ಇದ್ದ ಚೌಕದ ತೂತುಗಳನ್ನು ತೋರಿಸಿದರು. ಒಂದೊಂದರಲ್ಲಿ ಎರಡು ಬೆರಳು ಹಿಡಿಸುವಷ್ಟು ಜಾಗ. "ಇವು ಬೆಣೆ ತೂತು ಮೇಷ್ಟ್ರೇ. ಬೆಣೆ ಹೊಡೆದರೆ ಬಂಡೆ ಗೆರೆ ಎಳೆದ ಹಾಗೆ ಸೀಳುತ್ತೆ. ಇಲ್ಲಿಂದ ತೆಗೆದ ಕಲ್ಲು ಅಲ್ಲಿ ಗೋಡೆ ಆಯ್ತು. ಉಳಿದ ಗುಂಡಿ ನೀರಿಗೆ ಆಯ್ತು." ಒಂದು ತೂತಿನ ಸಾಲು ಅರ್ಧಕ್ಕೇ ನಿಂತಿತ್ತು. ಕಲ್ಲು ಸೀಳಿರಲಿಲ್ಲ. ಯಾರೋ ಕೆಲಸ ಬಿಟ್ಟು ಊಟಕ್ಕೆ ಹೋದವರು ವಾಪಸ್ ಬರಲೇ ಇಲ್ಲವೇನೋ ಅನ್ನುವ ಹಾಗೆ.

ಆಮೇಲೆ ನೀರಿನ ದಾರಿ ತೋರಿಸಿದರು. ಮೇಲಿನ ಬೋಳು ಬಂಡೆಗಳ ಮೇಲೆ ಬಿದ್ದ ಮಳೆ ಹೊಂಡಕ್ಕೆ ಇಳಿಯುತ್ತದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ ತಂಗಿ ಹೊಂಡಕ್ಕೆ. ಅಲ್ಲಿಂದ ಹೆಚ್ಚಾದದ್ದು ಬೆಟ್ಟದ ಬುಡದ ಸಿಹಿನೀರು ಹೊಂಡಕ್ಕೆ, ಮುಂದೆ ಪೇಟೆಯ ಸಂತೆಹೊಂಡಕ್ಕೆ. ಅಂದರೆ ಕೋಟೆಯೊಳಗಿನವರು ಕುಡಿದು ಮಿಕ್ಕಿದ್ದು ಊರಿಗೆ. ಬಂಡೆ ಮಣ್ಣಿನ ಹಾಗೆ ನೀರು ಹೀರುವುದಿಲ್ಲ. ಮಳೆ ಕಡಿಮೆ ಬೀಳುವ ಸೀಮೆಯಲ್ಲಿ ಇದು ಶಾಪ ಅಂದುಕೊಳ್ಳುತ್ತೇವೆ. ಇಲ್ಲಿ ಅದೇ ಬಲ. ಇಡೀ ಬೆಟ್ಟವೇ ಮಳೆನೀರು ಇಳಿಸುವ ಒಂದು ದೊಡ್ಡ ಸೂರು.

ನಾನು 20 ವರ್ಷದಿಂದ ಪಾಠದಲ್ಲಿ ಹೇಳುತ್ತಿದ್ದ ಮುತ್ತಿಗೆಗಳು ಆವತ್ತು ಬೇರೆ ಥರ ಕಂಡವು. 1777ರಲ್ಲಿ ಹೈದರ್ ಅಲಿಯ ಸೇನೆ ತಿಂಗಳುಗಟ್ಟಲೆ ಸುತ್ತುವರಿದು ಕೂತರೂ ಕೋಟೆ ಬೀಳಲಿಲ್ಲ. ಗೋಡೆ ಗಟ್ಟಿ ಇದ್ದದ್ದು ಒಂದು ಕಾರಣ. ಒಳಗೆ ನೀರಿಲ್ಲದಿದ್ದರೆ ಅದೇ ಗೋಡೆ ಎಷ್ಟು ದಿನ ಕಾಯುತ್ತಿತ್ತು?

ಏನೇನು ಬದಲಿಸಿದೆವು

ನೀರಿನ ಹಿಂದೆ ಹೋಗುವುದು ಎಂದು ತೀರ್ಮಾನ ಮಾಡಿದ ಮೇಲೆ ಬಿಡಬೇಕಾದದ್ದೇ ಜಾಸ್ತಿ ಇತ್ತು. ವಾಣಿ ವಿಲಾಸ ಸಾಗರ ಬಿಟ್ಟೆವು. ಎಸ್‌ಡಿಎಂಸಿ (ಪೋಷಕರು ಇರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದಕ್ಕೆ ಜಗಳವೇ ಆಯಿತು. "ಬರೀ ಒಂದು ಕೋಟೆಗೆ ಅಷ್ಟು ದುಡ್ಡಾ?" ಎಂದು ಒಬ್ಬ ತಂದೆ ಕೇಳಿದರು. ಮಗಳಿಗೆ ತಲೆಸುತ್ತು ಬಂದಿದ್ದ ತಾಯಿಯೇ ಎದ್ದು, "ಒಂದೇ ಜಾಗ ಇರಲಿ ಬಿಡ್ರಿ, ನಿಧಾನಕ್ಕೆ ನೋಡ್ಲಿ" ಎಂದರು. ಮಾತು ಅಲ್ಲಿಗೆ ಮುಗಿಯಿತು. ಚಂದ್ರವಳ್ಳಿಯನ್ನು ಉಳಿಸಿಕೊಂಡೆವು, ಊಟಕ್ಕೆ ನೆರಳು ಸಿಗುತ್ತದೆ ಎಂದು.

ಬೆಳಿಗ್ಗೆ ಐದೂವರೆಗೆ ಹೊರಟು ಎಂಟಕ್ಕೆ ಬಾಗಿಲಲ್ಲಿ ಇರಬೇಕು, ಹನ್ನೊಂದೂವರೆಗೆ ಕೆಳಗಿಳಿದಿರಬೇಕು. ಪ್ರತಿ ಮಗುವಿಗೆ ಎರಡು ಲೀಟರ್ ನೀರು, ಹತ್ತುವ ಮುಂಚೆ ಬಸ್ಸಿನ ಬಾಗಿಲಲ್ಲೇ ಎಣಿಕೆ. ತಲಾ ಐದಾರು ಮಕ್ಕಳ ಗುಂಪು. ಪ್ರತಿ ಗುಂಪಿಗೆ ಒಂದು ಪ್ರಶ್ನೆ ಚೀಟಿ. ಶ ಈಗ ಹತ್ತನೇ ತರಗತಿ, ಅವಳು ಬರುವ ಹಾಗಿರಲಿಲ್ಲ. ಆದರೆ ಚೀಟಿಯ ಪ್ರಶ್ನೆಗಳನ್ನು ಅವಳ ಜೊತೆ ಕೂತೇ ಬರೆದೆ.

ಬೆಟ್ಟದ ಮೇಲೆ

ಚೀಟಿಗಳು ಅರ್ಧ ಗಂಟೆಯಲ್ಲೇ ಸೋತವು. ಒಂದು ಗುಂಪು ಉತ್ತರ ಬರೆಯಿತು, ಉಳಿದ ಎಂಟೂ ಅದನ್ನೇ ನಕಲು ಹೊಡೆದವು. ಬಂಡೆ ನೋಡುವುದು ಬಿಟ್ಟು ಪಕ್ಕದವರ ಹಾಳೆ ನೋಡುತ್ತಿದ್ದರು. ಅಷ್ಟು ಕಷ್ಟಪಟ್ಟು ಬರೆದ ಚೀಟಿ ಅಂತ ಹೊಟ್ಟೆ ಉರಿಯಿತು. ಆದರೂ ಎಲ್ಲವನ್ನೂ ವಾಪಸ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡೆ.

ಮದ್ದು ಬೀಸುವ ಕಲ್ಲಿನ ಹತ್ತಿರ ಒಬ್ಬ ಹುಡುಗ ಕೇಳಿದ, "ಸರ್, ಇದು ರಾಗಿ ಬೀಸೋಕಾ?" ಎಲ್ಲರೂ ನಕ್ಕರು. ಅಲ್ಲ, ಕೋವಿ ಫಿರಂಗಿಗೆ ಬೇಕಾದ ಮದ್ದು ಅರೆಯುವುದಕ್ಕೆ ಎಂದೆ. ಆ ಪ್ರಶ್ನೆಯ ಬೆಲೆ ನನಗೆ ಆಗ ಗೊತ್ತಾಗಲಿಲ್ಲ.

ಚೀಟಿ ಹೋಯಿತು, ಈಗ ಏನು ಮಾಡುವುದು? ಹೊಂಡದ ಮೇಲ್ಭಾಗದ ಬಂಡೆಯ ಮೇಲೆ ನಿಂತು ನನ್ನ ಬಾಟಲಿಯ ಮುಚ್ಚಳ ತೆಗೆದೆ. "ಈಗ ನೀರು ಹಾಕ್ತೀನಿ. ಯಾವ ಕಡೆ ಹೋಗುತ್ತೆ?" ಕೆಲವರು ಎಡಕ್ಕೆ ಅಂದರು, ಕೆಲವರು ಬಲಕ್ಕೆ. ಕೂಗಾಟವೇ ಶುರುವಾಯಿತು. ನೀರು ಹಾಕಿದೆ. ಸ್ವಲ್ಪ ಹೊತ್ತು ಅಲ್ಲೇ ಹರಡಿಕೊಂಡು ನಿಂತಿತು. ಆಮೇಲೆ ಒಂದು ತೆಳ್ಳನೆ ನಾಲಗೆ ಹೊರಟಿತು. ಬಂಡೆಯ ಮೇಲೆ ಮೊದಲೇ ಒಂದು ಕಪ್ಪು ಗೆರೆ ಇತ್ತು, ಪ್ರತಿ ಮಳೆಗಾಲ ನೀರು ಹರಿದು ಪಾಚಿ ಒಣಗಿದ ಗುರುತು. ನನ್ನ ನೀರು ಹೋಗಿ ಸರಿಯಾಗಿ ಆ ಗೆರೆಯನ್ನೇ ಹಿಡಿಯಿತು. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, "ಸರ್, ಆ ಬಂಡೆ ಮೇಲೂ ಗೆರೆ ಇದೆ" ಎಂದಳು. ತಲೆ ಎತ್ತಿ ನೋಡಿದರೆ ಸುತ್ತಲಿನ ಬಂಡೆಗಳ ಮೇಲೆಲ್ಲ ಕಪ್ಪು ಗೆರೆ, ಎಲ್ಲವೂ ಹೊಂಡದ ಕಡೆಗೆ. ನಾನು ತಿಂಗಳುಗಟ್ಟಲೆ ತಯಾರಿ ಮಾಡಿಕೊಂಡು ಬಂದಿದ್ದೆ. ಆ ಗೆರೆಗಳನ್ನು ಮಾತ್ರ ನೋಡಿರಲಿಲ್ಲ.

ಅಲ್ಲಿಂದ ಮುಂದೆ ನಾನು ಕೂಗಬೇಕಾಗಿ ಬರಲಿಲ್ಲ. ಬೆಣೆ ತೂತುಗಳಲ್ಲಿ ಬೆರಳು ತೂರಿಸಿ ಅಳೆದರು. ಗಾರೆ ಇಲ್ಲದೆ ಕೂರಿಸಿದ ಗೋಡೆಯ ಕಲ್ಲಿನ ಸಂದಿಗೆ ಹತ್ತು ರೂಪಾಯಿ ನೋಟು ತೂರಿಸಲು ನೋಡಿದರು.

ಎಲ್ಲವೂ ಸಲೀಸಾಗಿ ನಡೆಯಿತು ಅಂತಲ್ಲ. ಮೊಬೈಲಿನಲ್ಲಿ ಕೋಟೆ ಹತ್ತುವ ವಿಡಿಯೋ ನೋಡಿದ್ದ ಒಬ್ಬ ಹುಡುಗ ಬರಿಗೈಯಲ್ಲಿ ಗೋಡೆ ಹತ್ತಲು ಶುರು ಮಾಡಿದ. ಎರಡಾಳು ಎತ್ತರಕ್ಕೆ ಹೋಗಿದ್ದ. ಇಳಿಸಿದೆವು. ಬೈದು ಮುಂದೆ ಹೋಗುವುದೋ, ಎಲ್ಲರನ್ನೂ ನಿಲ್ಲಿಸುವುದೋ ಎಂದು ಯೋಚಿಸಿ ಎಲ್ಲರನ್ನೂ ನೆರಳಿಗೆ ಕೂರಿಸಿದೆ. 20 ನಿಮಿಷ ಹೋಯಿತು. ಬೆಟ್ಟದ ತುತ್ತತುದಿಯ ತುಪ್ಪದ ಕೊಳದ ಬತೇರಿಗೆ ಹತ್ತಲು ಹೊತ್ತು ಉಳಿಯಲಿಲ್ಲ. ಅಲ್ಲಿಗೆ ಹೋಗಲೇಬೇಕು ಅಂದುಕೊಂಡಿದ್ದ ಮಕ್ಕಳಿಗೆ ಬೇಜಾರಾಯಿತು. ಕಳೆದ ವರ್ಷದ ನಾನಾಗಿದ್ದರೆ ಓಡಿಸಿಕೊಂಡು ಹೋಗುತ್ತಿದ್ದೆ.

ಓಬವ್ವನ ಕಿಂಡಿಯ ಹತ್ತಿರ ಬೇರೆ ಶಾಲೆಗಳ ಸಾಲಿತ್ತು. ಕಾಯುವಾಗ ಕಥೆ ಹೇಳಿದೆ. ಮಧ್ಯಾಹ್ನದ ಹೊತ್ತು, ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದಿದ್ದ. ಮನೆಯಲ್ಲಿ ಕುಡಿಯುವ ನೀರಿಲ್ಲ. ತಣ್ಣೀರು ದೋಣಿ ಎಂಬ ನೀರಿನ ತಾಣದಿಂದ ನೀರು ತರಲು ಓಬವ್ವ ಹೊರಟಳು. ಆಗ ಕಿಂಡಿಯೊಳಗಿಂದ ಹೈದರನ ಸೈನಿಕರು ನುಸುಳುವುದು ಕಂಡಿತು. ಉಣ್ಣುವ ಗಂಡನನ್ನು ಎಬ್ಬಿಸದೆ ಒನಕೆ ಹಿಡಿದು ನಿಂತಳು. ಕಥೆ ಎಲ್ಲರಿಗೂ ಗೊತ್ತು. ನವೆಂಬರ್ 11ಕ್ಕೆ ಓಬವ್ವ ಜಯಂತಿಯಲ್ಲಿ ಪ್ರತಿ ವರ್ಷ ಕೇಳುತ್ತಾರೆ. ಆದರೆ ಆವತ್ತು ಒಬ್ಬಳು ತಡೆದು ಕೇಳಿದಳು: "ಹಾಗಾದ್ರೆ ಮನೇಲಿ ನೀರು ಖಾಲಿ ಆಗಿದ್ದಕ್ಕೇ ಕೋಟೆ ಉಳೀತು, ಅಲ್ವಾ ಸರ್?"

ಕಿಂಡಿಯೊಳಗೆ ಒಬ್ಬೊಬ್ಬರೇ ತೂರಿ ಬಂದರು. ಆಚೆಯಿಂದ ಬರುವವನಿಗೆ ಮೊದಲು ತಲೆಯೇ ಹೊರಗೆ ಬರಬೇಕು. ಕೈ ಎತ್ತಲು ಜಾಗವಿಲ್ಲ. ಒನಕೆಗೆ ಅಷ್ಟು ಬಲ ಎಲ್ಲಿಂದ ಬಂತು ಎಂದು ಮಕ್ಕಳಿಗೆ ಯಾರೂ ವಿವರಿಸಬೇಕಾಗಲಿಲ್ಲ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ತರಗತಿಯಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ. ಕಿಂಡಿಯ ಹತ್ತಿರ 'ನಾವು', 'ಅವರು' ಎಂದು ಮಾತು ತಿರುಗುವುದು ಬಹಳ ಸುಲಭ. ನಾನು ಮೊದಲೇ ಯೋಚಿಸಿ ಹೋಗಿದ್ದೆ. ಇದೇ ಹೈದರನ ಕೆಲವು ದಂಡಯಾತ್ರೆಗಳಲ್ಲಿ ದುರ್ಗದವರೇ ಜೊತೆಗೆ ಹೋಗಿದ್ದರು ಎಂದು ಹೇಳಿದೆ. ಇಬ್ಬರು ದೊರೆಗಳ ನಡುವಿನ ಅಧಿಕಾರದ ಜಗಳವನ್ನು ಅಷ್ಟಕ್ಕೇ ನಿಲ್ಲಿಸಿದೆ. ಈ ಮಾತನ್ನು ಕೋಟೆಯ ಮೇಲೆ ನಿಂತು ಆ ಕ್ಷಣಕ್ಕೆ ಹೊಳೆದಂತೆ ಹೇಳಲು ಹೋಗಬಾರದು. ಮೊದಲೇ ಶಬ್ದ ಶಬ್ದ ತೂಗಿ ಇಟ್ಟುಕೊಳ್ಳಬೇಕು.

ಚಂದ್ರವಳ್ಳಿಯಲ್ಲಿ ಊಟ. ಚಿತ್ರಾನ್ನ, ಮೊಸರನ್ನ. ಅಲ್ಲಿ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ, ನಾಲ್ಕನೇ ಶತಮಾನದ್ದು. ಅದರಲ್ಲಿ ಹೇಳಿರುವುದು ಒಂದು ಕೆರೆಯ ಬಗ್ಗೆ. ಎದುರಿಗೇ ಕೆರೆ. ಇದನ್ನು ಕೇಳಿ ಮಕ್ಕಳು ಊಟದ ತಟ್ಟೆ ಹಿಡಿದುಕೊಂಡೇ ಎದ್ದು ಹೋದರು.

ಆಮೇಲೆ

ಈ ಸಲ ಪ್ರಬಂಧ ಬರೆಸಲಿಲ್ಲ. ಕೋಟೆಯಲ್ಲಿ ಬಿದ್ದ ಒಂದು ಮಳೆಹನಿ ಎಲ್ಲಿಗೆ ಹೋಗುತ್ತದೆ, ಚಿತ್ರ ಬರೆಯಿರಿ ಎಂದೆ. ಸುಮಾರು ಅರ್ಧ ಮಕ್ಕಳು ಹೊಂಡಗಳನ್ನು ಸರಿಯಾದ ಸಾಲಿನಲ್ಲಿ ಬರೆದಿದ್ದರು. ಕೆಲವರು ಸಂತೆಹೊಂಡದ ಪಕ್ಕ ತರಕಾರಿ ಮಾರುವವರನ್ನೂ ಬರೆದಿದ್ದರು. ಉಳಿದವರದ್ದು ಕೋತಿ, ಬಸ್ಸು, ಸ್ನೇಹಿತರು. ಇಬ್ಬರು ಪೋಷಕರಿಗೆ ಅಣೆಕಟ್ಟು ಬಿಟ್ಟ ಸಿಟ್ಟು ಇನ್ನೂ ಇದೆ. ಯಾರಿಗೂ ತಲೆಸುತ್ತು ಬರಲಿಲ್ಲ, ನನಗೆ ಅದೇ ಮೊದಲ ಸಮಾಧಾನ.

ಚಿತ್ರಗಳನ್ನು ಶಳಿಗೆ ತೋರಿಸಿದೆ. ಒಂದೊಂದನ್ನೇ ನಿಧಾನವಾಗಿ ತಿರುವಿ ಹಾಕಿದಳು. "ನೀರಿದ್ರೂ ಕೊನೆಗೆ ಯಾಕೆ ಸೋತ್ರು ಸರ್?" ಎಂದಳು. 1779ರಲ್ಲಿ ಮದಕರಿಯ ಕಡೆಯ ಕೆಲವರೇ ಅವನನ್ನು ಬಿಟ್ಟು ಹೋದರು ಎಂದು ಇತಿಹಾಸ ಬರೆದವರು ಹೇಳುತ್ತಾರೆ ಎಂದೆ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಬೇರೆ ಶಾಲೆಯವರು ಕೇಳಿದರೆ ನಾನು ಹೇಳುವುದು ಇಷ್ಟು. ಮಕ್ಕಳಿಗಿಂತ ಮುಂಚೆ ಒಂದು ಸಲ ಒಬ್ಬರೇ ಹೋಗಿ ಬನ್ನಿ, ಸಾಧ್ಯವಾದರೆ ಮಳೆಗಾಲ ಮುಗಿಯುವಾಗ. ಆಗ ಹೊಂಡಗಳಲ್ಲಿ ನೀರಿರುತ್ತದೆ. ಒಂದೇ ಪ್ರಶ್ನೆ ಹಿಡಿದು ಹೋಗಿ, ಅದೂ ಮಕ್ಕಳಿಂದ ಬಂದದ್ದಾದರೆ ಇನ್ನೂ ಒಳ್ಳೆಯದು. ಏನನ್ನು ಬಿಡಬೇಕು ಎಂದು ಶಾಲೆಯಲ್ಲೇ ಕೂತು ತೀರ್ಮಾನಿಸಿ. ಬಿಸಿಲಿನಲ್ಲಿ ನಿಂತಾಗ ಅದು ಆಗುವ ಕೆಲಸ ಅಲ್ಲ. ನೀರಿನ ಬಾಟಲಿ ಎಣಿಸಿ.

ಈ ವರ್ಷದ ಅನುಮತಿ ಪತ್ರ ಹೆಡ್ ಮಾಸ್ಟರ್ ತಾವೇ ಬರೆದು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಿದ್ದಾರೆ. ಮತ್ತೆ ದುರ್ಗಕ್ಕೇ. ಆದರೆ ನೀರಿನ ಹಿಂದೆ ಅಲ್ಲ. ಮದ್ದು ಬೀಸುವ ಕಲ್ಲಿನ ಹತ್ತಿರ ರಾಗಿ ಕೇಳಿದ್ದ ಆ ಹುಡುಗ ತನ್ನ ಚಿತ್ರದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದ: "ನೀರು ಸರಿ ಸರ್. ಊಟ?" ಕೋಟೆಯೊಳಗೆ ಕಣಜಗಳಿವೆ. ಮುಂದಿನ ಭಾನುವಾರ ಅವನ್ನು ನೋಡಲು ಒಬ್ಬನೇ ಹೋಗುತ್ತಿದ್ದೇನೆ.